ಸಿಂಪಡಣೆಯ ನೀರೂ ಶ್ರಾವಕನ ಎಚ್ಚರವೂ

ಬೆಳೆಗೆ ಔಷಧಿ ಸಿಂಪಡಿಸುವುದೇ ಹಿಂಸೆಯಾಗಿರುವಾಗ, ಸಿಂಪಡಣೆಯ ತೊಟ್ಟಿಗೆ ನೀರು ತುಂಬುವ ಹೊತ್ತಿನಲ್ಲಿ ಕೆರೆಗೆ ನಾಲ್ಕು ಹನಿ ಬಿದ್ದಿತೆಂದು ಚಿಂತಿಸುವುದು ಬರಿಯ ತೋರಿಕೆಯ ಧರ್ಮವಲ್ಲವೇ? ತಿತಿಮತಿಯಂತಹ ಕಾಫಿ ಸೀಮೆಯಲ್ಲಿ ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ.

ಲೋಕಕ್ಕೆ ಕೃಷಿಯನ್ನು ಕಲಿಸಿದವನು ಆದಿತೀರ್ಥಂಕರನಾದ ವೃಷಭದೇವನೇ ಎಂಬುದು ನಮ್ಮ ಪರಂಪರೆ. ಆದುದರಿಂದಲೇ ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿ ನೋಡಲಾಗಿದೆ. ಅಣುವ್ರತಿಯಾದ ಶ್ರಾವಕನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಉಳಿದುದನ್ನು ಅನಿವಾರ್ಯವಾದಷ್ಟಕ್ಕೆ ಮಿತಗೊಳಿಸಬೇಕು. ಆ ಮಿತಿ ಎಲ್ಲಿದೆಯೆಂದು ತಿಳಿಯಲು ಕೆಲಸದ ವಿವರಕ್ಕೇ ಇಳಿಯಬೇಕಾಗುತ್ತದೆ.

ಮುಂಗಾರಿಗೆ ಮುನ್ನ ಎಲೆಯ ತುಕ್ಕುರೋಗವನ್ನು ತಡೆಯಲು ಕಾಫಿ ಗಿಡಗಳಿಗೆ ಶೇಕಡಾ 0.5ರ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. 200 ಲೀಟರಿನ ಬ್ಯಾರಲ್ಲಿಗೆ 1 ಕಿಲೋ ಮೈಲುತುತ್ತ, ಜೊತೆಗೆ ಸುಣ್ಣ. ಮೈಲುತುತ್ತದ ಸುಮಾರು ಕಾಲುಭಾಗ ತಾಮ್ರ. ತುಕ್ಕು ಎಂಬುದು ಒಂದು ಬಗೆಯ ಬೂಷ್ಟು. ಶಾಸ್ತ್ರದ ಎಣಿಕೆಯಲ್ಲಿ ಅದು ಏಕೇಂದ್ರಿಯ. ಆದರೆ ಅದೇ ತಾಮ್ರವು ಕೆರೆಗೆ ಇಳಿದರೆ ಮೀನಿಗೆ, ಕಪ್ಪೆಮರಿಗೆ, ಜಲಕೀಟಕ್ಕೆ ವಿಷ. ಅಣುವ್ರತವು ಮೊದಲು ರಕ್ಷಿಸುವ ತ್ರಸಜೀವಿಗಳು ಇವೇ. ತಾಮ್ರವು ಕೊಳೆತು ಕರಗುವ ವಸ್ತುವೂ ಅಲ್ಲ, ಕೆಸರಿನಲ್ಲಿ ಉಳಿದುಬಿಡುತ್ತದೆ.

ಇಳಿಯುವುದು ನಾಲ್ಕು ಹನಿಯೂ ಅಲ್ಲ. ಪಂಪಿನ ಕೊಳವೆಯ ತುದಿ ಬ್ಯಾರಲ್ಲಿನ ದ್ರಾವಣದಲ್ಲಿ ಮುಳುಗಿದ್ದು, ಅಷ್ಟರಲ್ಲಿ ವಿದ್ಯುತ್ ನಿಂತು, ಫುಟ್‌ವಾಲ್ವ್ ಸವೆದಿದ್ದರೆ, ಮೇಲಿರುವ ದ್ರಾವಣವು ಅದೇ ಕೊಳವೆಯಲ್ಲಿ ಹಿಂದಿರುಗಿ ಕೆರೆಯನ್ನೋ ಬಾವಿಯನ್ನೋ ಸೇರುತ್ತದೆ. ಇದನ್ನು ತಡೆಯುವುದು ಕಷ್ಟವಲ್ಲ. ಕೊಳವೆಯ ತುದಿಯನ್ನು ದ್ರಾವಣಕ್ಕೆ ತಾಗದಂತೆ, ಕೊಳವೆಯ ವ್ಯಾಸದ ಎರಡರಷ್ಟಾದರೂ ಮೇಲೆ ಕಟ್ಟಿ ನಿಲ್ಲಿಸಬೇಕು. ಹಿಂದಕ್ಕೆ ಹರಿಯಗೊಡದ ಕವಾಟವಿರಬೇಕು. ಬೆನ್ನಿಗೆ ಹೊರುವ ಯಂತ್ರವನ್ನು ಕೆರೆಯಲ್ಲಿ ಅದ್ದದೆ, ಔಷಧಿ ಮುಟ್ಟದ ಬೇರೊಂದು ಕೊಡದಿಂದ ನೀರನ್ನು ದೂರಕ್ಕೆ ತಂದು ಸುರಿಯಬೇಕು. ತುಂಬುತ್ತಿರುವ ತೊಟ್ಟಿಯನ್ನು ಬಿಟ್ಟು ಹೋಗಕೂಡದು. ವಸ್ತುವನ್ನು ಎತ್ತುವಲ್ಲಿ, ಇಡುವಲ್ಲಿ ಎಚ್ಚರವಿರಲೆಂದು ಆದಾನನಿಕ್ಷೇಪಣ ಸಮಿತಿಯನ್ನು ಹೇಳಿರುವ ಧರ್ಮಕ್ಕೆ ಇದು ಹೊಸ ಪಾಠವಲ್ಲ.

ಈಗ ಆಕ್ಷೇಪಕ್ಕೆ ಉತ್ತರ ಹೇಳಬಹುದು. ಗಿಡದ ಮೇಲೆ ಬೀಳುವ ಔಷಧಿಗೆ ಒಂದು ಪ್ರಯೋಜನವಿದೆ, ಒಂದು ಅಳತೆಯಿದೆ. ಕೆರೆಗೆ ಹಿಂದಿರುಗುವ ಔಷಧಿಗೆ ಎರಡೂ ಇಲ್ಲ. ಅದರಿಂದ ಒಂದು ಕಾಯಿಯೂ ಹೆಚ್ಚು ಕಟ್ಟುವುದಿಲ್ಲ. ಇಂತಹ ನಿಷ್ಪ್ರಯೋಜಕ ಹಿಂಸೆಯನ್ನೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಉದ್ಯೋಗೀ ಹಿಂಸೆಗೆ ದೊರೆಯುವ ರಿಯಾಯಿತಿಯನ್ನು ಇದಕ್ಕೆ ಕೇಳಲಾಗದು. ಕೇಳಿದರೆ, ಅನಿವಾರ್ಯವೆಂಬ ಮಾತು ಸೋಮಾರಿತನದ ಹೆಸರಾಗುತ್ತದೆ.

ಇದು ಯಾರ ಲೆಕ್ಕಕ್ಕೆ ಸೇರುತ್ತದೆ? ಕೊಳವೆ ಹಿಡಿದವನು ಕೂಲಿಯಾಳು. ಯಜಮಾನನು ಸ್ಥಳದಲ್ಲೇ ಇರುವುದಿಲ್ಲ. ಆದರೆ ನಮ್ಮ ಶಾಸ್ತ್ರವು ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಎಣಿಸುತ್ತದೆ. ದಿನಕ್ಕೆ ಇಷ್ಟು ಬ್ಯಾರಲ್ ಮುಗಿಸಬೇಕೆಂದು ಗುತ್ತಿಗೆ ಕೊಟ್ಟು, ಕವಾಟದ ಖರ್ಚನ್ನು ಉಳಿಸಿದವನು ಕಾರಿತದಿಂದ ಪಾರಾಗಲಾರನು. ಅವನು ಉಳಿಸಿದ ಖರ್ಚು ಅಳಿದುಹೋಗದೆ ಬೇರೆಯವರ ಖಾತೆಗೆ ಬೀಳುತ್ತದೆ: ಅದೇ ನೀರನ್ನು ಬಳಸುವ ಲೈನ್‌ಮನೆಯ ಸಂಸಾರಗಳಿಗೆ, ಕಾಡಿನಂಚಿನಿಂದ ತೋಟದ ಕೆರೆಗೆ ಬರುವ ಆನೆಗಳಿಗೆ. ದಕ್ಷಿಣ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥವು ಹುಣಸೂರನ್ನು ಹಾದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಸೀಮೆಯ ನೀರು ಯಾರೊಬ್ಬರದೂ ಅಲ್ಲ.

ನಮ್ಮ ಹಿರಿಯರು ನೀರನ್ನು ಗಾಳಿಸಿದ ಬಳಿಕ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದ ಜೀವಿಗಳನ್ನು ತಂದ ಜಲಕ್ಕೇ ಮರಳಿ ಬಿಡುತ್ತಿದ್ದರು. ಗಾಳಿಸಿದ ನೀರನ್ನೇ ಕುಡಿಯುವ ಶ್ರಾವಕನ ತೋಟದಿಂದ ಆ ಜಲಕ್ಕೆ ವಿಷ ಮರಳುವುದಾದರೆ ಆ ಆಚಾರಕ್ಕೆ ಅರ್ಥವೇನು ಉಳಿಯಿತು? ಕವಾಟ ಹಾಕಿದ ಮಾತ್ರಕ್ಕೆ ಸಿಂಪಡಣೆ ಅಹಿಂಸೆಯಾಗುವುದಿಲ್ಲ. ಗಿಡದ ಮೇಲಿನ ಹಿಂಸೆಗೆ ಪ್ರತಿಕ್ರಮಣ ಉಳಿದೇ ಇದೆ. ಕೆರೆಯದನ್ನಾದರೂ ಈ ಮುಂಗಾರಿನಿಂದಲೇ ನಿಲ್ಲಿಸಬಹುದು.