ವಾಗ್ದಾನವೂ ಕ್ರಯವೂ

ಒಂದು ನಾಡನ್ನು ನಿನಗೂ ನಿನ್ನ ಸಂತತಿಗೂ ಕೊಡುವೆನೆಂದು ಸಾಕ್ಷಾತ್ ದೇವರೇ ವಾಗ್ದಾನ ಮಾಡಿದ ಮೇಲೆ, ಆ ನಾಡಿನ ಒಂದು ತುಂಡು ಹೊಲಕ್ಕಾಗಿ ಮನುಷ್ಯನು ಹಣ ತೆರಬೇಕೆ? ಬೈಬಲಿನ ಆದಿಕಾಂಡದ 23ನೆಯ ಅಧ್ಯಾಯವು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲವಾದರೂ, ಅಲ್ಲಿ ವರ್ಣಿತವಾದ ಕ್ರಯದ ವೃತ್ತಾಂತವನ್ನು ಸಾವಧಾನವಾಗಿ ಓದಿದವನಿಗೆ ಅದು ಎದುರಾಗದಿರದು.

ಊರ್ ಪಟ್ಟಣದಿಂದ ಹೊರಟು ಕಾನಾನಿಗೆ ಬಂದ ಅಬ್ರಹಾಮನು ಅಲ್ಲಿ ಗುಡಾರವಾಸಿಯಾಗಿಯೇ ಬಾಳಿದನು; ಪಶುಸಂಪತ್ತೂ ಬೆಳ್ಳಿಬಂಗಾರವೂ ಯಥೇಚ್ಛವಾಗಿದ್ದರೂ ಕಾಲೂರುವಷ್ಟು ಸ್ವಂತ ನೆಲ ಅವನಿಗಿರಲಿಲ್ಲ. ಪತ್ನಿ ಸಾರಳು 127 ವರ್ಷದವಳಾಗಿ ಹೆಬ್ರೋನಿನಲ್ಲಿ ತೀರಿಕೊಂಡಾಗ, ಶವದ ಬಳಿಯಿಂದೆದ್ದು ಆ ನೆಲದ ಜನರಾದ ಹಿತ್ತಿಯರ ಮುಂದೆ ನಿಂತು ಅವನು ಮೊದಲು ನಿವೇದಿಸಿಕೊಂಡುದು ತಾನು ಪರದೇಶದವನು, ಅವರ ನಡುವೆ ತಂಗಿರುವವನು ಎಂಬುದನ್ನು. ಆ ನಾಡನ್ನೇ ದೇವರು ತನಗೆ ವಾಗ್ದಾನ ಮಾಡಿದ್ದಾನೆಂಬ ಮಾತನ್ನು ಆ ವ್ಯವಹಾರದಲ್ಲಿ ಅವನು ಒಮ್ಮೆಯೂ ಎತ್ತಲಿಲ್ಲ. ಈ ಮೌನವನ್ನು ಆತನ ಬಾಳಿನ ಮಹತ್ಕಾರ್ಯಗಳಲ್ಲಿ ಒಂದೆಂದೇ ನಾನು ಎಣಿಸುತ್ತೇನೆ.

ಶವವನ್ನು ಹೂಳಲು ತಮ್ಮ ಸಮಾಧಿಗಳಲ್ಲಿ ಉತ್ತಮವಾದುದನ್ನು ಆರಿಸಿಕೊಳ್ಳಬಹುದೆಂದು ಹಿತ್ತಿಯರು ಉದಾರವಾಗಿ ನುಡಿದರು. ಅಬ್ರಹಾಮನು ತಲೆಬಾಗಿ, ಮಕ್ಪೇಲದ ಗವಿಯನ್ನು ಅದರ ಒಡೆಯನಾದ ಎಫ್ರೋನನು ಪೂರ್ಣಕ್ರಯಕ್ಕೆ ಕೊಡಲೆಂದು ಬೇಡಿದನು. ಗವಿಯನ್ನೂ ಹೊಲವನ್ನೂ ಕೊಟ್ಟೇಬಿಟ್ಟೆನೆಂದು ಎಫ್ರೋನನೆಂದನು. ಕ್ರಯವನ್ನು ಸ್ವೀಕರಿಸಲೇಬೇಕೆಂದು ಅಬ್ರಹಾಮನು ಮತ್ತೆ ತಲೆಬಾಗಿ ಕೇಳಿಕೊಳ್ಳಲು, ಎಫ್ರೋನನು 400 ಶೆಕೆಲ್ ಬೆಳ್ಳಿಯ ನೆಲವು ತಮ್ಮಿಬ್ಬರ ನಡುವೆ ಎಷ್ಟರದೆಂದು ಸೌಜನ್ಯದ ಮಾತಿನೊಳಗೇ ಬೆಲೆಯನ್ನು ಸೂಚಿಸಿದನು. ದಾನವಾಗಿ ಬಂದ ನೆಲವನ್ನು ದಾನಿಯ ಮಕ್ಕಳು ನಾಳೆ ಮರಳಿ ಕೇಳಿಯಾರು. ಆದುದರಿಂದ ಅಬ್ರಹಾಮನು ಚೌಕಾಸಿಗಿಳಿಯದೆ, ವರ್ತಕರಲ್ಲಿ ಸಲ್ಲುವ ಬೆಳ್ಳಿಯನ್ನು ಊರಬಾಗಿಲಲ್ಲಿ ನೆರೆದ ಸಮಸ್ತರ ಸಮಕ್ಷಮದಲ್ಲಿ ತೂಗಿಕೊಟ್ಟನು. ಹೊಲ, ಅದರೊಳಗಿನ ಗವಿ, ಸುತ್ತಲ ಎಲ್ಲೆಯೊಳಗಿನ ಮರಗಳು ಎಂದು ಗ್ರಂಥಕರ್ತನು ಒಂದೊಂದನ್ನೂ ಎಣಿಸುವ ಪರಿಯು, ನಿಧಿ ನಿಕ್ಷೇಪ ಜಲ ಪಾಷಾಣಗಳನ್ನು ಹೆಸರಿಸಿ ಚತುಸ್ಸೀಮೆಯನ್ನು ಗುರುತಿಸುವ ನಮ್ಮ ಶಾಸನಗಳನ್ನು ಬಲ್ಲವರಿಗೆ ಅಪರಿಚಿತವೆನಿಸದು.

ಹೀಗೆ ಹಣ ತೆತ್ತುದು ಕೇವಲ ಲೌಕಿಕ ಜಾಣ್ಮೆಯೆಂದರೆ ನಾನು ಒಪ್ಪಲಾರೆ. ಅಬ್ರಹಾಮನು ಕೇಳಿದ ದೈವವಾಣಿಯನ್ನು ಎಫ್ರೋನನು ಕೇಳಿರಲಿಲ್ಲ. ತನ್ನ ಅಂತರಂಗದಲ್ಲಿ ಪರಮಪ್ರಮಾಣವಾದುದನ್ನು ಅದನ್ನರಿಯದ ನೆರೆಯವನ ಮೇಲೆ ಹಕ್ಕುಪತ್ರದಂತೆ ಚಲಾಯಿಸಲು ಯಾವ ಶ್ರದ್ಧಾವಂತನಿಗೂ ಅಧಿಕಾರವಿಲ್ಲವೆಂಬುದನ್ನು ಅರಿತೇ ಆತನು ಇಬ್ಬರಿಗೂ ಸಮಾನವಾದ ತಕ್ಕಡಿಯನ್ನು ಆಶ್ರಯಿಸಿದನೆಂದು ನಾನು ನಂಬಿದ್ದೇನೆ. ಅದೇ ಗ್ರಂಥವು ಮುಂದೆ ಯೆಹೋಶುವನ ಕಾಲದಲ್ಲಿ ಅಬ್ರಹಾಮನ ಸಂತತಿಯವರು ಅದೇ ಹೆಬ್ರೋನನ್ನು ಖಡ್ಗದಿಂದ ಗೆದ್ದುದನ್ನೂ ಹೇಳುತ್ತದೆ. ಅದನ್ನು ಮರೆಮಾಚುವುದು ಅಪ್ರಾಮಾಣಿಕತೆ. ಆದರೆ ಯಾಜಕಕಾಂಡದ 25ನೆಯ ಅಧ್ಯಾಯವು ಭೂಮಿಯನ್ನು ಶಾಶ್ವತವಾಗಿ ಮಾರಕೂಡದೆಂದು ವಿಧಿಸಿ, ಅದು ದೇವರದೇ ಆದುದರಿಂದ ಅದರಲ್ಲಿ ನೆಲಸಿದವರೂ ಅವನ ಬಳಿ ಪರದೇಶಿಗಳೇ ಎಂದು ಕಾರಣ ಕೊಡುವಾಗ, ಹಿತ್ತಿಯರ ಮುಂದೆ ಅಬ್ರಹಾಮನಾಡಿದ ಮಾತೇ ಒಡೆಯರಾದವರಿಗೂ ಅನ್ವಯಿಸುತ್ತದೆ.

ಇಂದು ಆ ಗವಿಯ ಮೇಲಣ ಪ್ರಾಚೀನ ಕಟ್ಟಡವನ್ನು ಮುಸಲ್ಮಾನರಿಗೂ ಯೆಹೂದ್ಯರಿಗೂ ಭಾಗಮಾಡಿ, ಸೈನಿಕರ ಕಾವಲಿಟ್ಟಿದ್ದಾರೆ. 1994ರಲ್ಲಿ ಅಲ್ಲಿ ನಮಾಜಿನಲ್ಲಿದ್ದ 29 ಮಂದಿ ಒಬ್ಬನ ಗುಂಡಿಗೆ ಬಲಿಯಾದರು. 400 ಶೆಕೆಲ್‌ಗಳ ಆ ಕ್ರಯವನ್ನೇ ಹಕ್ಕಿನ ಆಧಾರವಾಗಿ ಮುಂದಿಡುವವರು, ಕೊಂಡವನು ಆ ನೆಲದ ಜನರ ಮುಂದೆ ಎರಡು ಬಾರಿ ತಲೆಬಾಗಿದನೆಂದು ಅದೇ ಅಧ್ಯಾಯದಲ್ಲಿ ಬರೆದಿರುವುದನ್ನೂ ಬೆಲೆಯಷ್ಟೇ ಗಮನವಿಟ್ಟು ಓದಬೇಕೆಂದು ಬೇಡುತ್ತೇನೆ.