ಒಪ್ಪಿಗೆಯೊಂದೇ ಸಾಕೇ?

ಜಯನಗರದ ಯಾವುದೋ ಕ್ಲಿನಿಕ್ಕಿನಲ್ಲಿ ರೋಗಿ ತನ್ನ ದೇಹವನ್ನು ಅಪರಿಚಿತರ ಕೈಗೆ ಒಪ್ಪಿಸುವುದು ಅವರ ಗುಣವನ್ನು ಅರಿತಲ್ಲ, ಅವರ ವೃತ್ತಿಯನ್ನು ನಂಬಿ. ಆದ್ದರಿಂದ ಅಲ್ಲಿ ನಡೆಯುವ ಅನುಚಿತ ವರ್ತನೆ ಇಬ್ಬರ ಖಾಸಗಿ ವಿಷಯವಲ್ಲ. ರೋಗಿಯ ಮನೆ ಹೊಕ್ಕ ವೈದ್ಯನ ಮಾತು, ಮನಸ್ಸು, ಇಂದ್ರಿಯಗಳು ರೋಗಿಯ ಹಿತ ಬಿಟ್ಟು ಬೇರೆಡೆ ಹರಿಯಬಾರದೆಂದು ಚರಕಸಂಹಿತೆಯ ವಿಮಾನಸ್ಥಾನ ಶಿಷ್ಯನಿಗೆ ವಿಧಿಸುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೂ ರೋಗಿಯೊಂದಿಗಿನ ಅನುಚಿತ ವರ್ತನೆಯನ್ನು ವೃತ್ತಿಸ್ಥಾನದ ದುರುಪಯೋಗವೆಂದೇ ಪರಿಗಣಿಸುತ್ತವೆ. ರೋಗಿ ಒಪ್ಪಿದ್ದರೆ ತಪ್ಪೇನು ಎಂದು ಕೆಲವರು ಕೇಳುತ್ತಾರೆ. ಆಕೆ ಒಪ್ಪಿದ್ದು ಪರೀಕ್ಷೆಗೆ, ಚಿಕಿತ್ಸೆಗೆ. ನೋವು, ಭಯ, ಗುಣವಾಗುವ ಆಸೆ ಇವೆಲ್ಲ ಒಬ್ಬರ ಕಡೆಗೇ ಇರುವಾಗ ಅದಕ್ಕೂ ಮೀರಿದ ಒಪ್ಪಿಗೆಯನ್ನು ಸ್ವತಂತ್ರವೆನ್ನಲಾಗದು. ಮನಸ್ಸನ್ನೇ ತೆರೆದಿಡಬೇಕಾದ ಮನೋವೈದ್ಯರ ಮುಂದೆಯಂತೂ ಇದು ಇನ್ನೂ ನಿಜ.

ಪೊಲೀಸರು, ನ್ಯಾಯಾಲಯ ಇರುವಾಗ ಕರ್ನಾಟಕ ವೈದ್ಯಕೀಯ ಪರಿಷತ್ತಿಗೇನು ಕೆಲಸ ಎಂಬುದು ಇನ್ನೊಂದು ವಾದ. ನ್ಯಾಯಾಲಯ ಅಪರಾಧವನ್ನು ತೂಗುತ್ತದೆ. ಈ ವ್ಯಕ್ತಿಯ ಮುಂದೆ ನಾಳೆ ಮತ್ತೊಬ್ಬ ರೋಗಿಯನ್ನು ಕೂರಿಸಬಹುದೇ ಎಂದು ಪರಿಷತ್ತು ಕೇಳಬೇಕು, ನೋಂದಣಿ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ಇರುವುದೇ ಅದಕ್ಕೆ. ಸುಳ್ಳು ದೂರಿನ ಭಯ ಸಕಾರಣವೇ. ಅದಕ್ಕೆ ಉತ್ತರ ವೈದ್ಯರ ಅಹವಾಲನ್ನೂ ಆಲಿಸುವ ವಿಚಾರಣೆ, ಮೌನವಲ್ಲ. ಆದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಸೆಕ್ಷನ್ ರಾಜ್ಯ ಪರಿಷತ್ತಿನ ಕ್ರಮದ ವಿರುದ್ಧ ಮೇಲ್ಮನವಿಯ ದಾರಿಯನ್ನು ವೈದ್ಯರಿಗೆ ತೆರೆದಿದೆ, ದೂರಿತ್ತ ರೋಗಿಯ ಹೆಸರನ್ನೇ ಅಲ್ಲಿ ಎತ್ತಿಲ್ಲ. ವೈದ್ಯರನ್ನು ವೈದ್ಯರೇ ವಿಚಾರಿಸುವ ವ್ಯವಸ್ಥೆಯಲ್ಲಿ ಈ ಅಸಮಾನತೆ ಅನ್ಯಾಯ. ರೋಗಿಗೂ ಆ ಹಕ್ಕನ್ನು ಕಾಯ್ದೆಯಲ್ಲೇ ಬರೆಯಬೇಕು.