ಹಾಯಿಯೂ ಹಗ್ಗ ಹಿಡಿದ ಕೈಯೂ

ಕಡಲಿನ ತೈಲಚಿತ್ರಗಳಲ್ಲಿ ಪಂದ್ಯದ ಹಾಯಿಹಡಗುಗಳನ್ನು ತೋರಿಸುವ ಒಂದು ಬಗೆಯುಂಟು. ಎರಡು ಹಡಗುಗಳು ಒಂದೇ ಪಕ್ಕಕ್ಕೆ ವಾಲಿಕೊಂಡು ಓಡುತ್ತವೆ. ಹಾಯಿಗಳು ಗಾಳಿ ತುಂಬಿ ಬೆಳಗುತ್ತವೆ. ಮುಂಗಡೆಯಲ್ಲಿ ನೊರೆ ಏಳುತ್ತದೆ. ಎಂಡೆವರ್, ರೇನ್‌ಬೋ ಎಂಬ ಹೆಸರಾದ ಹಡಗುಗಳನ್ನು ಚಿತ್ರಗಾರರು ಹೀಗೆಯೇ ಬರೆದಿದ್ದಾರೆ. ನೋಡುವವನ ಕಣ್ಣು ಹಾಯಿಯನ್ನು ಬಿಟ್ಟು ಕೆಳಗೆ ಇಳಿಯುವದು ಅಪರೂಪ. ಇಳಿದರೆ ಹಡಗಿನ ಅಂಚಿನಲ್ಲಿ ಕುಂಚದ ತುದಿಯಿಂದ ಮುಟ್ಟಿಸಿದ ಬಿಳೀ ಚುಕ್ಕೆಗಳು ಕಾಣುವವು. ಅವು ಮನುಷ್ಯರು. ಹಡಗಿಗೆ ಹೆಸರುಂಟು, ಒಡೆಯನಿಗೆ ಹೆಸರುಂಟು, ಚುಕ್ಕೆಗಳಿಗೆ ಹೆಸರಿಲ್ಲ. ಇದು ನ್ಯಾಯವೋ?

ಆ ಚುಕ್ಕೆಗಳು ಯಾರೆಂಬದನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನ ಎಸ್ಸೆಕ್ಸ್ ಸೀಮೆಯ ಕರಾವಳಿಯಲ್ಲಿ ಟೋಲ್ಸ್‌ಬರಿ, ಬ್ರೈಟ್ಲಿಂಗ್‌ಸೀ, ವಿವೆನ್‌ಹೋ ಮೊದಲಾದ ಊರುಗಳುಂಟು. ಅಲ್ಲಿಯ ಬೆಸ್ತರು ಚಳಿಗಾಲದಲ್ಲಿ ಮೀನನ್ನೂ ಚಿಪ್ಪನ್ನೂ ಹಿಡಿದು, ಬೇಸಿಗೆಯಲ್ಲಿ ಧನಿಕರ ಹಾಯಿಹಡಗುಗಳಲ್ಲಿ ಸಂಬಳಕ್ಕೆ ಸೇರುತ್ತಿದ್ದರು. ಎಂಡೆವರ್ ಸುಮಾರು 130 ಅಡಿ ಉದ್ದದ ಹಡಗು. ಅದರ ಕಂಬವು 160 ಅಡಿಗೂ ಮಿಕ್ಕದ್ದು. ಅಂಥಾ ಹಾಯಿಯನ್ನು ಗಾಳಿಯೊಳಗೆ ಏರಿಸಿ ಹಿಡಿಯುವದು ಬಲವನ್ನಷ್ಟೇ ಅಲ್ಲ, ಬಾಲ್ಯದಿಂದ ಪಳಗಿದ ಕೈಯನ್ನೂ ಬೇಡುತ್ತದೆ.

1934ರಲ್ಲಿ ಅದರ ಒಡೆಯರೂ ವಿಮಾನ ತಯಾರಕರೂ ಆಗಿದ್ದ ಸೋಪ್ವಿತ್ ಎಂಬವರು ಅಮೆರಿಕಾ ಕಪ್ ಎಂಬ ಬೆಳ್ಳಿಯ ಪಾತ್ರೆಯನ್ನು ಗೆಲ್ಲುವದಕ್ಕೆ ಅಮೆರಿಕದ ನ್ಯೂಪೋರ್ಟಿಗೆ ಹೊರಡಲು ಸಿದ್ಧರಾದರು. ಪಂದ್ಯವು ಸೆಪ್ಟೆಂಬರದಲ್ಲಿ. ಹಿಂದಿರುಗುವಷ್ಟರೊಳಗೆ ಊರಿನಲ್ಲಿ ಚಳಿಗಾಲದ ಮೀನುಗಾರಿಕೆ ಆರಂಭವಾಗಿರುವದು. ಆದದರಿಂದ ನಾವಿಕರು ಹೆಚ್ಚು ಸಂಬಳ ಕೇಳಿದರು. ಒಡೆಯರು ಒಪ್ಪಲಿಲ್ಲ. 13 ಮಂದಿ ಇಳಿದುಹೋದರು; ಅವರ ಸ್ಥಳದಲ್ಲಿ ಸಂಬಳವಿಲ್ಲದ ಹವ್ಯಾಸಿಗಳು ಹಗ್ಗ ಹಿಡಿದರು. ಎಂಡೆವರ್ ಮೊದಲ ಎರಡು ಓಟಗಳನ್ನು ಗೆದ್ದು, ಮುಂದಿನ ನಾಲ್ಕನ್ನೂ ರೇನ್‌ಬೋ ಹಡಗಿಗೆ ಸೋತಿತು.

ಸೋಲಿಗೆ ಅದೊಂದೇ ಕಾರಣವೆಂದು ನಾವು ಹೇಳೆವು. ಮೂರನೆಯ ಓಟದಲ್ಲಿ ಎಂಡೆವರ್ ಮುಂದಿತ್ತು. ಆ ಮುನ್ನಡೆಯು ಹೋದದ್ದು ಚುಕ್ಕಾಣಿಯ ಬಳಿ ಆದ ತಪ್ಪು ಎಣಿಕೆಯಿಂದ, ಹಗ್ಗದ ಬಳಿ ಅಲ್ಲ.

ಆದಾಗ್ಯೂ ಆ ಬೆಸ್ತರು ಕಷ್ಟಕಾಲದಲ್ಲಿ ಒಡೆಯನನ್ನು ಕೈಬಿಟ್ಟರೆಂದು ದೂರುವವರುಂಟು. ಈ ಮಾತು ನಮಗೆ ಸರಿಕಾಣುವದಿಲ್ಲ. ಒಬ್ಬನಿಗೆ ಆ ಓಟವು ಆಟ. ಇನ್ನೊಬ್ಬನಿಗೆ ಅದು ಮನೆಯವರ ಊಟದ ಅರ್ಧಭಾಗ, ಮಿಕ್ಕ ಅರ್ಧವು ಬಲೆಯಲ್ಲಿದೆ. ಬಲೆಯನ್ನು ಬಿಟ್ಟು ಬಾ ಎನ್ನುವವನು ಬಲೆಯ ಬೆಲೆಯನ್ನೂ ಕೊಡಬೇಕಲ್ಲವೇ? ಹವ್ಯಾಸಿಗಳನ್ನು ಸಹ ನಾವು ಹಳಿಯುವದಿಲ್ಲ. ಅವರು ಮನಃಪೂರ್ವಕವಾಗಿ ದುಡಿದರು. ಆದರೆ ಸಂಬಳ ಬೇಡದೆ ದುಡಿಯುವದಕ್ಕೆ ಮನೆಯಲ್ಲಿ ಬೇರೆ ಆಧಾರವಿರಬೇಕು. ಅದಿಲ್ಲದವನನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ಪ್ರೀತಿಯನ್ನು ತೂಗುವದು ಕಳ್ಳ ತಕ್ಕಡಿಯೇ ಸರಿ.

ಚಿತ್ರಗಾರನೋ? ಅವನನ್ನು ಸುಳ್ಳುಗಾರನೆನ್ನಲಾಗದು. ದೂರದಿಂದ ನೋಡಿದರೆ ಮನುಷ್ಯನು ಚುಕ್ಕೆಯೇ. ಅದಲ್ಲದೆ, ಹಾಯಿಯನ್ನು ಬಿಟ್ಟು ಬೊಕ್ಕೆ ಎದ್ದ ಅಂಗೈಗಳನ್ನು ಬರೆದರೆ ಕೊಳ್ಳುವವನು ಯಾರು? ಬಣ್ಣಕ್ಕೆ ಹಣ ಕೊಡುವವನು ಬಹಳ ಸಾರಿ ಹಡಗಿನ ಒಡೆಯನೇ.

ಎಂಡೆವರ್ ಬಹುಕಾಲ ತುಕ್ಕು ಹಿಡಿದು ಬಿದ್ದಿದ್ದು, ದುರಸ್ತಾಗಿ 1989ರಲ್ಲಿ ಮರಳಿ ಹಾಯಿ ಬಿಚ್ಚಿತು. ಅದರ ಚಿತ್ರಗಳೂ ಹೆಚ್ಚಿದವು. ನ್ಯೂಪೋರ್ಟಿನ ಆ ಓಟವನ್ನು ತೋರಿಸುವ ಚಿತ್ರವು ವಾಚಕರ ಕಣ್ಣಿಗೆ ಬಿದ್ದರೆ ಹಡಗಿನ ಅಂಚನ್ನು ಒಮ್ಮೆ ನೋಡಲಿ. ಅಲ್ಲಿರುವ ಚುಕ್ಕೆಗಳಲ್ಲಿ ಆ 13 ಮಂದಿ ಇಲ್ಲ.